ಒಳಗೆ ಮಾತ್ರ ತಂಪು

ಎರಡು ಸಾವಿರದ ಅರವತ್ತೊಂದರ ಮೇ ತಿಂಗಳು, ಮಟಮಟ ಮಧ್ಯಾಹ್ನ, ನಲವತ್ತೇಳು ಡಿಗ್ರಿ. ವಿಜಯಪುರ ಸೀಮೆಯ ಒಂದು ಹಾಲಿನ ಸಂಘ ತನ್ನ ಸದಸ್ಯರ ಅರವತ್ತು ಎಮ್ಮೆಗಳನ್ನು ಬಟಾಬಯಲಿನ ಅಂಗಳದಲ್ಲಿ ಕಟ್ಟಿತ್ತು. ಪ್ರತಿ ಎಮ್ಮೆಯ ಹೊಟ್ಟೆಯಲ್ಲೂ ಅಂಗೈ ಉದ್ದದ ಭಾರದ ಗುಳಿಗೆ. ಮೇವು ಹುಳಿತು ಕರಗುವ ಮೊದಲ ಚೀಲದಲ್ಲಿ ಕೂತು ಅದು ನಿಮಿಷಕ್ಕೊಮ್ಮೆ ಒಳಗಿನ ಕಾವು ಅಳೆಯುತ್ತದೆ. ಕಾವು ಏರಿದರೆ ಮೇವನ್ನು ಹುಳಿಸುವ ಸೂಕ್ಷ್ಮಜೀವಿಗಳ ಆಟ ನಿಧಾನ ಮಾಡಿ ಇಳಿಸುತ್ತದೆ. ಗೋಡೆಯ ಪರದೆಯ ಮೇಲೆ ಅರವತ್ತೂ ದೀಪ ಹಸಿರಾಗಿದ್ದವು.

ಗುಳಿಗೆ ಕಂಡುಹಿಡಿದ ಶಕೀಲಾ ಮುಲ್ಲಾ ಅದನ್ನು ನೋಡಲು ಹೆಮ್ಮೆಯಿಂದಲೇ ಬಂದಿದ್ದಳು. ಅಂಗಳಕ್ಕೆ ಕಾಲಿಡುತ್ತಲೇ ಬಾಳವ್ವ ಎಂಬ ಮುದುಕಿ ಅವಳ ಕೈ ಎಳೆದು ತನ್ನ ಗಬ್ಬದ ಎಮ್ಮೆಯ ಬೆನ್ನಿಗೆ ಒತ್ತಿದಳು. ಕೈ ಚುರ್ರೆಂದಿತು. ತೊಗಲು ಬಿರುಕು ಬಿಟ್ಟಿತ್ತು.

"ಒಳಗ ತಂಪೈತಿ ಅಂತೀರಿ. ಹೊರಗ ಸುಡೂದನ್ನ ಯಾರ ನೋಡಬೇಕ್ರಿ ಬಾಯಾರ? ನಿಲ್ಲಾಕ ಆಗವಲ್ದು ಅದಕ್ಕ. ಕರು ಹಾಕೂತನಕ ಉಳಿತೈತೇನಿದು?"

"ಹಿಂದ ಬಂದಾಗ ಇಲ್ಲೊಂದು ಹೊಂಡ ಇತ್ತಲ್ರಿ?" ಶಕೀಲಾ ಸಂಘದ ಅಧ್ಯಕ್ಷ ಮುರಿಗೆಪ್ಪನನ್ನು ಕೇಳಿದಳು.

"ಮುಚ್ಚಿಸೇನ್ರಿ ಮೇಡಂ. ಬೇವಿನ ಗಿಡಾನೂ ಕಡಿಸೇನಿ. ನಿಮ್ಮ ಗುಳಿಗಿ ಇರೂವಾಗ ಅವ್ಯಾಕ್ರಿ?"

ಶಕೀಲಾಳ ಮೈಯೆಲ್ಲ ಉರಿದುಹೋಯಿತು. ಎಮ್ಮೆ ಬೆವರುವುದು ಕಮ್ಮಿ. ನೀರಿಗೋ ಕೆಸರಿಗೋ ಬಿದ್ದರೇ ಅದಕ್ಕೆ ಜೀವ. ಗುಳಿಗೆ ಬಿಸಿಗಾಳಿಯ ನಾಲ್ಕು ದಿನಕ್ಕೆ ಮಾತ್ರ, ಅದೂ ನೀರು ನೆರಳಿನ ಜೊತೆಗೆ, ಎಂದು ಆಕೆ ವರದಿಯಲ್ಲಿ ಬರೆದಿದ್ದಳು. ಮಾರುವ ಕಂಪನಿ ಆ ಸಾಲನ್ನೇ ನುಂಗಿ ನೀರು ಕುಡಿದಿತ್ತು. ಸಂಕಟ ತಗ್ಗಿಸಲೆಂದು ಮಾಡಿದ್ದನ್ನು ಇನ್ನಷ್ಟು ಸಂಕಟ ಹೊರಿಸಲು ಬಳಸುವ ಬುದ್ಧಿಗೆ ಏನೆನ್ನಬೇಕು?

"ಬಿಚ್ಚಬೇ ಯವ್ವಾ, ಕಾಲುವಿಗೆ ಹೊಡ್ಕೊಂಡು ನಡಿ," ಎಂದಳು ಬಾಳವ್ವನಿಗೆ.

"ಹೊರಗ ಹೋದ್ರ ಮತ್ತ ಈ ಅಂಗಳಕ್ಕ ಸೇರಿಸೂದಿಲ್ಲ ನೋಡು," ಎಂದ ಮುರಿಗೆಪ್ಪ.

"ಯಾರಿಗೆ ಬೇಕಾಗೇತಿ ನಿನ್ನ ಸುಡುಗಾಡ ಅಂಗಳ!" ಬಾಳವ್ವ ಹಗ್ಗ ಬಿಚ್ಚಿದಳು. ಎಮ್ಮೆ ತಡವರಿಸುತ್ತ ಕಾಲುವೆಯ ದಾರಿ ಹಿಡಿಯಿತು.

ಮುರಿಗೆಪ್ಪನಿಗೆ ಸಿಟ್ಟೂ ಬರಲಿಲ್ಲ. "ಹೋಗ್ಲಿ ಬಿಡ್ರಿ. ಮೇಡಂ, ಇಂಥಾ ಗುಳಿಗಿ ಮನಶ್ಯಾರಿಗೂ ಮಾಡಾಕ ಬರತೈತೇನ್ರಿ? ನಮ್ಮ ತಮ್ಮನ ಇಟ್ಟಂಗಿ ಭಟ್ಟಿಯಾಗ ಹನ್ನೆರಡು ಗಂಟಿ ಆದ್ರ ಸಾಕು, ಆಳು ನೆಳ್ಳ ಹುಡುಕ್ಕೊಂಡು ಹೊಂಟ ಬಿಡ್ತಾವ."

"ನಾಚ್ಕಿ ಆಗೂದಿಲ್ಲೇನ್ರಿ ನಿಮಗ?"

ಶಕೀಲಾ ಕಿರುಚಿದಳು. ಮುರಿಗೆಪ್ಪ ಕೇಳಿದ್ದನ್ನೇ ನಯವಾದ ಇಂಗ್ಲಿಷಿನಲ್ಲಿ ಕೇಳಿ ಕಂಪನಿಯಿಂದ ಪತ್ರ ಬಂದು ತಿಂಗಳಾಗಿತ್ತು. ಆಗುವುದಿಲ್ಲ ಎಂದು ಅವಳು ಇನ್ನೂ ಬರೆದಿರಲಿಲ್ಲ.