ಇಪ್ಪತ್ತೆರಡನೆಯ ಕಡುಬು

ಬೆಟ್ಟಗಳು ಮಾತಾಡುತ್ತಿದ್ದ, ಮೃಗಗಳು ಮನುಷ್ಯರಿಗೆ ಉತ್ತರ ಕೊಡುತ್ತಿದ್ದ ಕಾಲ. ಆಗ ಕೆಂಬಾಗಿಲು ಎಂಬ ರಾಜ್ಯದಲ್ಲಿ ಸಿದ್ದವ್ವ ಎಂಬ ತಾಯಿಯೂ ಅವಳ ಒಬ್ಬನೇ ಮಗ ಹೊನ್ನಪ್ಪನೂ ಇದ್ದರು.

ವರ್ಷವರ್ಷವೂ ಬೆನಕನ ಹಬ್ಬಕ್ಕೆ ಸಿದ್ದವ್ವ ಇಪ್ಪತ್ತೊಂದು ಕಡುಬು ಕರಿದು ದೇವರಿಗೆ ಎಡೆ ಇಡುವಳು. ಕಡೆಗೆ ಉಳಿದ ಹಿಟ್ಟಿನ ಚೂರಿನಲ್ಲಿ ಒಂದು ಗುಬ್ಬಿ ಮಾಡುವಳು. ಎರಡು ರೆಕ್ಕೆ, ಒಂದು ಕೊಕ್ಕು, ಎಳ್ಳಿನ ಕಣ್ಣು, ಹೊಟ್ಟೆ ತುಂಬ ಹೂರಣ. ಆ ಇಪ್ಪತ್ತೆರಡನೆಯದು ಹೊನ್ನಪ್ಪನ ಪಾಲು. ಅವನಿಗೆ ಹಲ್ಲು ಬಂದ ವರ್ಷದಿಂದ ಇದೇ ಪದ್ಧತಿ.

ಹೊನ್ನಪ್ಪನಿಗೆ ಇಪ್ಪತ್ತು ತುಂಬಿತು. ಅರಸನ ಕುದುರೆ ಪಡೆಗೆ ಸೇರಿದ. ಆ ವರ್ಷ ಹಬ್ಬದೂಟಕ್ಕೆ ಪಡೆಯ ಗೆಳೆಯರನ್ನೂ ಕರೆತಂದ. ಎಲೆಗೆ ಗುಬ್ಬಿ ಬಂತು.

“ಏನಯ್ಯಾ ಸವಾರ, ನಿನ್ನ ಕುದುರೆಗೂ ಒಂದು ತೊಟ್ಟಿಲು ಕಟ್ಟಿಸೋಣವಾ?” ಎಂದು ಗೆಳೆಯ ಮಾಚಯ್ಯ ನಕ್ಕ. ಪಂಕ್ತಿಯೆಲ್ಲ ನಕ್ಕಿತು.

ಹೊನ್ನಪ್ಪನ ಕಿವಿ ಕೆಂಪಾದವು. “ನಾನೇನು ಮಗುವೇನವ್ವಾ? ಬೇಡ, ತಗೊಂಡು ಹೋಗು,” ಎಂದು ಗುಬ್ಬಿಯನ್ನು ಎಲೆಯಿಂದಾಚೆ ತಳ್ಳಿಬಿಟ್ಟ.

ತಳ್ಳಿದ್ದೇ ತಡ, ಒಲೆಯ ಹೊಗೆಯೊಳಗಿಂದ ಬೂದಿಗಣ್ಣನೆಂಬ ಮಾಂತ್ರಿಕ ಎದ್ದು ಬಂದ. ಮನೆಯವರು ಬೇಡವೆಂದ ಹಬ್ಬದ ಪಾಲೇ ಅವನ ಆಹಾರ. ಗುಬ್ಬಿಯನ್ನು ಗಬಕ್ಕನೆ ನುಂಗಿದ. ಅದರೊಡನೆ ಸಿದ್ದವ್ವನ ನೆನಪೆಲ್ಲ ಅವನ ಹೊಟ್ಟೆ ಸೇರಿತು. ಅವಳು ಮಗನ ಮುಖ ನೋಡಿದಳು, ಗುರುತು ಸಿಗಲಿಲ್ಲ. ಮಾಂತ್ರಿಕನ ಹಿಂದೆ ಹೊಗೆಯಂತೆ ತೇಲಿ ಹೋದಳು.

ಪಕ್ಕದ ಮನೆಯ ಬೋರಜ್ಜಿ ಓಡಿ ಬಂದಳು. “ಅಯ್ಯೋ ಮಂಕೇ! ಅವಳನ್ನ ಹೊಗೆಕೋಟೆಗೆ ಕರ್ಕೊಂಡು ಹೋದ ಕಣೋ. ಮೂರನೇ ದಿನ ಸಂಜೆ ಬೆನಕನನ್ನ ನೀರಿಗೆ ಬಿಡ್ತೀವಿ. ಅಷ್ಟರೊಳಗೆ ಕರ್ಕೊಂಡು ಬರದಿದ್ರೆ ನಿಮ್ಮವ್ವ ಹೊಗೆಯಾಗೇ ಉಳೀತಾಳೆ. ನೋಡ್ತಾ ನಿಂತಿದ್ದೀಯಲ್ಲ, ಓಡೋ!”

ಹೊನ್ನಪ್ಪ ಬೆನಕನಿಗೆ ಅಡ್ಡಬಿದ್ದ, ಕುದುರೆ ಹತ್ತಿದ, ಓಡಿಸಿದ.

ಮೊದಲನೆಯ ದಿನ ಕಣಿವೆಯಲ್ಲಿ ಎರಡು ತಲೆಯ ಹುಲಿ ಅಡ್ಡ ನಿಂತಿತು. ಹೊನ್ನಪ್ಪ ಕತ್ತಿ ಹಿರಿದ. ಕತ್ತಿ ಬೆಂದ ಶಾವಿಗೆಯಂತೆ ಬಾಗಿಹೋಯಿತು!

“ನಮ್ಮ ಬಾಯಲ್ಲಿ ನೀರು ತರಿಸಿದರೆ ದಾರಿ,” ಎಂದಿತು ಎಡದ ತಲೆ.

“ಇಲ್ಲದಿದ್ದರೆ ನೀನೇ ಊಟ,” ಎಂದಿತು ಬಲದ ತಲೆ.

ಹೊನ್ನಪ್ಪನಿಗೆ ಹೊಳೆದದ್ದು ಒಂದೇ. “ನಮ್ಮವ್ವ ಬೇಳೆ ಬೇಯಿಸಿ, ಬೆಲ್ಲ ಹಾಕಿ, ಒರಳಿನಲ್ಲಿ ನುಣ್ಣಗೆ ರುಬ್ಬುತ್ತಾಳೆ. ಗುಬ್ಬಿಯ ಹೊಟ್ಟೆಗೆ ತುಂಬಿ ತುಪ್ಪದಲ್ಲಿ ಬಿಟ್ಟರೆ ಅದು ಮುಳುಗುತ್ತೆ, ಹೊರಳುತ್ತೆ, ಕೆಂಪಗೆ ಉಬ್ಬಿ ಮೇಲೇಳುತ್ತೆ...”

“ಏಲಕ್ಕಿ?” ಎಂದಿತು ಎಡದ ತಲೆ, ತುಟಿ ನೆಕ್ಕುತ್ತ.

“ಹಾಕದೆ ಇರ್ತಾಳಾ!”

ಎರಡು ಬಾಯಿಂದಲೂ ಜೊಲ್ಲು ಧಾರೆಯಾಗಿ ಸುರಿಯಿತು. ಹುಲಿ ದಾರಿ ಬಿಟ್ಟಿತು.

ಎರಡನೆಯ ದಿನ ಸೇತುವೆಯ ಮೇಲೆ ಕಬ್ಬಿಣದ ಹದ್ದು ಕೂತಿತ್ತು. “ನನ್ನ ಕಣ್ಣಲ್ಲಿ ನೀರು ತರಿಸು. ಇಲ್ಲದಿದ್ದರೆ ಹೊಳೆಗೆ ಎಸೆಯುತ್ತೇನೆ.”

ಹೊನ್ನಪ್ಪ ಕುದುರೆಯಿಂದ ಇಳಿದ. ಆಮೇಲೆ ಹೇಳಿದ: “ಅಪ್ಪ ತೀರಿಕೊಂಡ ವರ್ಷ ನಮಗೆ ಹಬ್ಬವಿರಲಿಲ್ಲ, ಬಾಣಲೆ ಇಡುವಂತಿರಲಿಲ್ಲ. ಐದು ವರ್ಷದವನು ನಾನು, ಗುಬ್ಬಿ ಬೇಕೆಂದು ಹಟ ಮಾಡಿದೆ. ಅವ್ವ ಅಂಗಳದ ಜೇಡಿಮಣ್ಣಿನಲ್ಲಿ ಒಂದು ಗುಬ್ಬಿ ಮಾಡಿ ಕೈಗಿಟ್ಟಳು. ‘ಇದು ಈ ವರ್ಷ ಉಪವಾಸ ಇದೆ ಕಂದಾ, ಮುಂದಿನ ವರ್ಷ ಹೊಟ್ಟೆ ತುಂಬಿಸ್ಕೊಂಡು ಬರುತ್ತೆ’ ಅಂದಳು. ಅವಳೂ ಅವತ್ತು ಉಂಡಿರಲಿಲ್ಲ. ನನಗದು ಈಗ ತಿಳೀತು.”

ಹದ್ದಿನ ಕಣ್ಣಿಂದ ತುಕ್ಕಿನ ಬಣ್ಣದ ಹನಿ ಉದುರಿತು. ಅದು ರೆಕ್ಕೆ ಸರಿಸಿ ದಾರಿ ಬಿಟ್ಟಿತು.

ಮೂರನೆಯ ದಿನ ಮಧ್ಯಾಹ್ನ ಹೊಗೆಕೋಟೆ! ಒಳಗೆ ಮೂರು ಒಲೆ, ಮೂರು ಬಾಣಲೆ, ಮೂವರು ಸಿದ್ದವ್ವಂದಿರು. ಅದೇ ಮುಖ, ಅದೇ ಸೀರೆ, ಗಲ್ಲದ ಮೇಲೆ ಅದೇ ಮಚ್ಚೆ.

“ನಿನ್ನವ್ವ ಯಾರು, ಆರಿಸಿಕೋ,” ಎಂದು ಬೂದಿಗಣ್ಣ ಹೊಟ್ಟೆ ಸವರಿಕೊಂಡ. “ತಪ್ಪಿದರೆ ನೀನೂ ಹೊಗೆ.”

“ಬಂದೆಯಾ ಮಗನೇ!” ಎಂದು ಮೊದಲನೆಯವಳು ಅತ್ತಳು.

“ಹೊನ್ನೂ, ನಾನೇ ಕಣೋ!” ಎಂದು ಎರಡನೆಯವಳು ಕೈಚಾಚಿದಳು.

ಮೂರನೆಯವಳು ಮಾತ್ರ ತಲೆಯೆತ್ತಿ, “ಯಾರಪ್ಪಾ ನೀನು? ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡಿ,” ಎಂದಳು.

ಹೊನ್ನಪ್ಪನ ಕಾಲು ಎರಡನೆಯವಳ ಕಡೆಗೆ ಹೊರಟೇಬಿಟ್ಟಿತ್ತು. ಅಷ್ಟರಲ್ಲಿ ಮೂರು ಬಾಣಲೆಯಲ್ಲೂ ಇಪ್ಪತ್ತೊಂದನೆಯ ಕಡುಬು ಬೆಂದಿತು. ಅವನು ತಡೆದು ನಿಂತ. ಕಣ್ಣು ಮೂವರ ಕೈಗಳ ಮೇಲೆ ನೆಟ್ಟಿತು.

ಮೊದಲನೆಯವಳು ಉಳಿದ ಹಿಟ್ಟನ್ನು ಮೂಲೆಗೆಸೆದಳು. ಎರಡನೆಯವಳು ದೇವರಿಗೆ ತೋರಿಸುವ ಮೊದಲೇ ಹೂರಣ ನೆಕ್ಕಿ ನೋಡಿದಳು. ಮೂರನೆಯವಳು ಹಿಟ್ಟಿನ ಚೂರನ್ನು ತಟ್ಟಿ, ಹೂರಣವಿಟ್ಟು, ಮಡಿಸಿ, ಚಿವುಟಿದಳು. ಎರಡು ರೆಕ್ಕೆ. ಒಂದು ಕೊಕ್ಕು. ಎಳ್ಳಿನ ಕಣ್ಣು.

“ಅದು ಯಾರಿಗವ್ವಾ?” ಹೊನ್ನಪ್ಪ ಅವಳ ಒಲೆಯ ಹತ್ತಿರ ಬಂದು ಕೇಳಿದ.

“ಗೊತ್ತಿಲ್ಲಪ್ಪ. ಕೈ ತಾನೇ ಮಾಡಿತು. ಯಾರೋ ಬರೋದಿದೆ ಅನಿಸುತ್ತೆ,” ಎಂದು ಅವಳು ಗುಬ್ಬಿಯನ್ನು ಬಾಣಲೆಗೆ ಬಿಟ್ಟಳು.

“ಇವಳೇ! ಇವಳೇ ನಮ್ಮವ್ವ!”

ಸುಳ್ಳು ತಾಯಿಯರಿಬ್ಬರೂ ಪುಸ್ಸೆಂದು ಹೊಗೆಯಾದರು. ಬೂದಿಗಣ್ಣ ಚೀರುತ್ತ ಗುಬ್ಬಿಯತ್ತ ಹಾರಿದ. ಬಾಣಲೆಯಿಂದ ಆಗತಾನೇ ಎದ್ದಿತ್ತು ಗುಬ್ಬಿ. ಹೊನ್ನಪ್ಪ ಅದನ್ನು ಬಾಚಿಕೊಂಡು, ಮನಸ್ಸಿನಲ್ಲೇ ಬೆನಕನಿಗೆ ಅರ್ಪಿಸಿ, ಸುಡುಸುಡುತ್ತಿದ್ದ ಹಾಗೇ ಬಾಯಿಗಿಟ್ಟುಕೊಂಡ!

ನಾಲಿಗೆ ಸುಟ್ಟಿತು. “ಹಾ... ಹಾ...” ಎಂದು ಕುಣಿದಾಡಿದ. ನುಂಗಿದ!

“ಅಯ್ಯೋ ಹೊನ್ನೂ!” ಎಂದು ಸಿದ್ದವ್ವ ಗದರಿದಳು. “ಆರಲಿ ತಡಿ ಅಂತ ಹೋದ ವರ್ಷವೂ ಬಡ್ಕೊಂಡೆ, ಅದರ ಹಿಂದಿನ ವರ್ಷವೂ ಬಡ್ಕೊಂಡೆ. ಇಪ್ಪತ್ತು ವರ್ಷದ ಕೋಣ, ಬುದ್ಧಿ ಬೇಡ್ವಾ!”

ಬೈದಳು, ಬೈಯುತ್ತಲೇ ಕಣ್ಣರಳಿಸಿ ಮಗನನ್ನು ನೋಡಿದಳು, ಬಾಚಿ ತಬ್ಬಿಕೊಂಡಳು.

ಬೂದಿಗಣ್ಣನಿಗೆ ಬಿಕ್ಕಳಿಕೆ ಹತ್ತಿತು. ಒಂದು ಬಿಕ್ಕಳಿಕೆಗೆ ಒಂದು ಗುಬ್ಬಿ, ಇನ್ನೊಂದಕ್ಕೆ ನೂರು ಗುಬ್ಬಿ! ಅವನು ನುಂಗಿದ್ದ ಪಾಲುಗಳೆಲ್ಲ ರೆಕ್ಕೆ ಬಡಿದು ತಂತಮ್ಮ ಮನೆಗಳಿಗೆ ಹಾರಿದವು. ಕಡೆಗೆ ಉಳಿದದ್ದು ಒಂದು ಹಿಡಿ ಬೂದಿ. ಕೋಟೆ ಕರಗಿತು. ನೋಡಿದರೆ ತಾಯಿ ಮಗ ತಮ್ಮ ಮನೆಯ ಒಲೆಯ ಮುಂದೆಯೇ ನಿಂತಿದ್ದರು. ಬೆನಕ ಇನ್ನೂ ಮಣೆಯ ಮೇಲಿದ್ದ.

ಆ ಸಂಜೆ ಊರೆಲ್ಲ ಕೂಡಿ ಬೆನಕನನ್ನು ನೀರಿಗೆ ಬಿಟ್ಟಿತು. ಬೂದಿಗಣ್ಣನ ಮಾಟದಿಂದ ಹುಲಿಯಾಗಿದ್ದವರು, ಹಿಂದೆ ಜಗಳವಾಡಿ ಹಬ್ಬದ ಎಲೆ ಬಿಟ್ಟೆದ್ದಿದ್ದ ಅಣ್ಣತಮ್ಮಂದಿರು, ಮತ್ತೆ ಮನುಷ್ಯರಾಗಿ ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು. ಹದ್ದಾಗಿದ್ದ ಮುದುಕ, ಹಿಂದೊಮ್ಮೆ ಹಬ್ಬದೂಟ ಬೇಡವೆಂದು ಬಿಟ್ಟುಬಂದಿದ್ದ ಮಗಳ ಮನೆಯ ದಾರಿ ಕೇಳುತ್ತ ಹೋದ.

ಸಿದ್ದವ್ವ ಆ ಹಿಡಿ ಬೂದಿಯಿಂದ ಬಾಣಲೆ ತಿಕ್ಕಿದಳು. ಬಾಣಲೆ ಬೆಳ್ಳಿಯಂತೆ ಹೊಳೆಯಿತು.

ಮರುವರ್ಷ ಹಬ್ಬದ ಪಂಕ್ತಿಯಲ್ಲಿ ಮಾಚಯ್ಯನೇ ಎಲೆ ಮುಂದೆ ಸರಿಸಿ, “ಅವ್ವಾ, ನನಗೊಂದು ಗುಬ್ಬಿ...” ಎಂದು ಮೆಲ್ಲಗೆ ಕೇಳಿದ.

“ನಿನ್ನ ಕುದುರೆಗೂ ಒಂದು ಮಾಡಲೇನಪ್ಪಾ?” ಎಂದಳು ಸಿದ್ದವ್ವ.

ಎಲ್ಲರೂ ನಕ್ಕರು, ಎಲ್ಲರೂ ಉಂಡರು. ಕೆಂಬಾಗಿಲಿನಲ್ಲಿ ಇಂದಿಗೂ ಇಪ್ಪತ್ತೊಂದು ಕಡುಬು ದೇವರಿಗೆ, ಇಪ್ಪತ್ತೆರಡನೆಯದು ಮನೆಯ ಮಗುವಿಗೆ. ಮಗುವಿಗೆ ಮೀಸೆ ಬಂದಿದ್ದರೂ ಸರಿಯೇ.