ಬೆನ್ನ ಮೇಲೆ ಏಳು ಲೋಟ

ಬಾಯಿ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಬೆನ್ನು ಹೇಳುವುದಿಲ್ಲ. ಹನ್ನೊಂದು ವರ್ಷ ಛೀಚುನ್ ಪೇಟೆಯಲ್ಲಿ ಜನರ ಬೆನ್ನು ತಿಕ್ಕಿ ನಾನು ಕಲಿತ ಪಾಠ ಇದೊಂದೇ.

ಆ ಮಂಗಳವಾರ ಯೂಹಾಂಗ್ ಎಂಬ ಗಿರಾಕಿ ನಮ್ಮ ಅಂಗಡಿಗೆ ನಾಲ್ಕನೇ ಸಲ ಬಂದ. "ಡಾಕ್ಟ್ರೇ, ಭುಜ ಹಿಡ್ಕೊಂಡಿದೆ," ಎಂದು ಮುಖ ಕಿವುಚಿದ.

"ನಾನು ಡಾಕ್ಟರಲ್ಲ. ಯಾವ ಭುಜ?"

"ಎಡಗಡೇದು."

"ಹೋದ ವಾರ ಬಲಗಡೆ ಅಂದ್ರಿ."

"ಒಂದೇ ಕಡೆ ಇದ್ದೂ ಇದ್ದೂ ನೋವಿಗೂ ಬೇಜಾರಾಗಿರ್ಬೇಕು ಪಾಪ."

ನಕ್ಕಾಗ ಅವನ ಎಡಗಣ್ಣು ಬಲಗಣ್ಣಿಗಿಂತ ತುಸು ಮುಂಚೆ ಮುಚ್ಚುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ನನ್ನ ಮೇಲೆಯೇ ನನಗೆ ಸಿಟ್ಟು ಬಂತು.

ಎಣ್ಣೆ ಸವರಿ, ಎಮ್ಮೆ ಕೊಂಬಿನ ಪಟ್ಟಿ ಹಿಡಿದು ಕುತ್ತಿಗೆಯಿಂದ ಭುಜದವರೆಗೆ ಗೀರಿದೆ. ನೋವು ಕೂತ ಜಾಗವಾದರೆ ಹತ್ತು ಗೀರಿಗೆ ಕೆಂಪು ಚುಕ್ಕೆಗಳು ಏಳಬೇಕು. ಇವನಿಗೆ ಮೂವತ್ತು ಗೀರಿದರೂ ಒಂದು ಚುಕ್ಕೆ ಇಲ್ಲ. ನೋವೇ ಇಲ್ಲದವನು ಯಾಕೆ ಬಂದು ಮಲಗುತ್ತಾನೆ? ಅದರ ಮೇಲೆ ನೂರೆಂಟು ಪ್ರಶ್ನೆ. ಶಾಖಕ್ಕೆ ಸುಡುವ ಮಾಚಿಪತ್ರೆ ಎಷ್ಟು ವರ್ಷ ಹಳೆಯದು, ದಿನಕ್ಕೆ ಎಷ್ಟು ಜನ ಬರುತ್ತಾರೆ, ಈ ಕೆಲಸ ನಿಮಗೆ ಕಲಿಸಿದ್ದು ಯಾರು.

ಕಲಿಸಿದವರು, ಅಂಗಡಿಯ ಒಡತಿ ಖುವಾಂಗಮ್ಮ, ಪರದೆಯ ಹಿಂದೆ ನನ್ನನ್ನು ಎಳೆದುಕೊಂಡು ಪಿಸುಗುಟ್ಟಿದರು. "ಸುಯಿಂಗ್, ಅವನು ಯಾರದೋ ಗೂಢಚಾರ ಕಣೇ. ಇಲ್ಲಾ ನಿನ್ನ ಮೇಲೆ ಕಣ್ಣು ಹಾಕಿದಾನೆ. ಯಾವುದು ಅಂತ ಇವತ್ತು ತಿಳ್ಕೋ."

ತಿಳಿದುಕೊಳ್ಳಲು ನನಗೆ ಒಂದೇ ದಾರಿ ಗೊತ್ತಿತ್ತು. "ಬೋರಲು ಮಲಗಿ, ಲೋಟ ಹಾಕ್ತೀನಿ," ಎಂದೆ. ಹತ್ತಿಯ ಉರಿಯನ್ನು ಗಾಜಿನ ಲೋಟದೊಳಗೆ ಆಡಿಸಿ, ತಟ್ಟನೆ ಬೆನ್ನಿಗೆ ಕೂರಿಸುತ್ತ ಹೋದೆ. ಒಳಗಿನ ಗಾಳಿ ತಣಿದಂತೆ ಲೋಟ ಚರ್ಮವನ್ನು ಹೀರಿ ಹಿಡಿಯುತ್ತದೆ. ಬೆನ್ನಿಗೆ ಏಳು ಲೋಟ ಕಚ್ಚಿಕೊಂಡ ಗಂಡಸು ಎಲ್ಲಿಗೂ ಓಡಲಾರ.

"ಈಗ ಹೇಳು. ನಿನ್ನನ್ನ ಕಳಿಸಿದ್ದು ಯಾರು?"

"ಲೋಟ ತೆಗೀರಿ, ಹೇಳ್ತೀನಿ."

"ಹೇಳು, ತೆಗೀತೀನಿ."

ಅವನು ದಿಂಬಿನೊಳಗೆ ಉಸಿರುಬಿಟ್ಟ. "ನಿಮ್ಮ ಥರದ್ದೇ ಅಂಗಡಿಗಳನ್ನ ನಡೆಸೋ ವುಹಾನ್ ಕಂಪನಿಯವರು. ನಾನು ಇದೇ ಊರಲ್ಲಿದ್ದು ಅವರಿಗೆ ಕೆಲಸ ಮಾಡ್ತೀನಿ. ಗಿರಾಕಿ ಥರ ಹೋಗಿ, ಒಳ್ಳೇ ಕೈ ಯಾರದು ಅಂತ ನೋಡಿ ಬರೀಬೇಕು. ಅಲ್ಲಿನ ಹೊಸ ಶಾಖೆ ನೋಡ್ಕೊಳ್ಳೋಕೆ ಒಬ್ಬರು ಬೇಕಾಗಿತ್ತು."

"ನನ್ನ ಬಗ್ಗೆ ಏನು ಬರ್ದೆ?"

ಸಣ್ಣ ದನಿಯಲ್ಲಿ, "ಸಾಧಾರಣ ಅಂತ."

"ಸಾಧಾರಣನಾ?"

"ನಿಮ್ಮಂಥ ಕೈ ನಾನು ಎಲ್ಲೂ ನೋಡಿಲ್ಲ. ಹಾಗಂತ ಬರೆದಿದ್ರೆ ನಿಮ್ಮನ್ನ ಕರ್ಕೊಂಡು ಹೋಗ್ಬಿಡ್ತಿದ್ರು. ನೀವಿಲ್ಲದ ಈ ಊರಲ್ಲಿ ನಾನು ಏನ್ಮಾಡ್ಲಿ?"

ಒಳಗೊಳಗೇ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ. ಮರುಗಳಿಗೆಯೇ ಮೈಯೆಲ್ಲ ಉರಿಯಿತು. ನನ್ನದೇ ಕೈಕೆಳಗೆ ನಾಲ್ಕು ಮಂಚ, ಬಾಗಿಲ ಮೇಲೆ ನನ್ನ ಹೆಸರು. ಇಷ್ಟೇ ನಾನು ಬದುಕಿನಲ್ಲಿ ಆಸೆಪಟ್ಟದ್ದು. ಅದು ಬಾಗಿಲ ತನಕ ಬಂದಿತ್ತು, ಇವನು ನನಗೆ ಹೇಳದೆ ವಾಪಸ್ಸು ಕಳಿಸಿದ್ದ.

"ಇದನ್ನ ಪ್ರೀತಿ ಅಂತೀಯ? ನನ್ನ ಬದುಕು ತೀರ್ಮಾನ ಮಾಡೋಕೆ ನೀನು ಯಾರು?" ಲೋಟಗಳನ್ನು ಒಂದೊಂದಾಗಿ ಕಿತ್ತೆ. "ಹೋಗು, ನಿಜ ಬರಿ."

"ಬರೆದ್ರೆ ಹೋಗ್ಬಿಡ್ತೀರ."

"ಹೋಗೋದು ಬಿಡೋದು ನನ್ನಿಷ್ಟ."

ಅವನು ತಲೆ ತಗ್ಗಿಸಿ ಅಂಗಿ ಹಾಕಿಕೊಂಡ. "ಬೆನ್ನಿಗೆ ಗಾಳಿ ತಾಗಿಸ್ಬೇಡ. ಇವತ್ತು ಸ್ನಾನ ಮಾಡ್ಬೇಡ," ಎಂದೆ. ಎಷ್ಟು ಸಿಟ್ಟು ಬಂದರೂ ರೂಢಿ ಬಿಡುವುದಿಲ್ಲ.

ಆರು ದಿನ ಅವನ ಸುಳಿವಿಲ್ಲ. ಬರೆದಿರುವುದಿಲ್ಲ, ಇನ್ನೊಂದು ಸುಳ್ಳು ಹೆಣೆಯುತ್ತಿದ್ದಾನೆ ಎಂದುಕೊಂಡೆ. ಬಾಗಿಲು ಸದ್ದಾದಾಗಲೆಲ್ಲ ತಿರುಗಿ ನೋಡುತ್ತಿದ್ದೆ, ಅವನಲ್ಲವೆಂದು ತಿಳಿದು ಗಿರಾಕಿಗಳ ಬೆನ್ನನ್ನು ಜೋರಾಗಿ ಒತ್ತುತ್ತಿದ್ದೆ.

ಏಳನೆಯ ದಿನ ಬೆಳಿಗ್ಗೆ ವುಹಾನಿನಿಂದ ಫೋನ್ ಬಂತು. "ಯೂಹಾಂಗ್ ತನ್ನ ವರದಿ ಸುಳ್ಳು ಅಂತ ತಾನೇ ಬರ್ಕೊಟ್ಟ," ಎಂದಳು ಆ ಕಡೆಯ ಹೆಂಗಸು. "ಅವನನ್ನ ಕೆಲಸದಿಂದ ತೆಗೆದ್ವಿ. ನೀವು ಯಾವಾಗ ಬರ್ತೀರಿ?"

ನಾನು ಖುವಾಂಗಮ್ಮನ ಮುಖ ನೋಡಿದೆ. "ಹೋಗೇ," ಎಂದರು, ಕಣ್ಣೊರೆಸಿಕೊಳ್ಳುತ್ತ. "ಇಲ್ಲೇ ಕೂರ್ಲಿ ಅಂತ ಕಲಿಸಿದ್ನಾ ನಿನಗೆ?"

ಸಂಜೆ ಅವನು ಬಂದ. ಒಳಗೆ ಬರದೆ ಹೊಸಿಲ ಆಚೆಯೇ ನಿಂತ.

"ಹದಿನೈದಕ್ಕೆ ಹೊರಡ್ತಿದ್ದೀನಿ," ಎಂದೆ.

"ಒಳ್ಳೇದಾಯ್ತು. ಸ್ಟೇಷನ್‌ವರೆಗೆ ಸಾಮಾನು ಹೊತ್ತುಕೊಡ್ಲಾ?"

ಅವನ ಮುಖದಲ್ಲಿ ಸುಳ್ಳು ಹುಡುಕಿದೆ. ಹಣೆ, ಕಣ್ಣು, ತುಟಿ, ಎಲ್ಲ ಕಡೆ ಹುಡುಕಿದೆ. ದುಃಖ ಬಿಟ್ಟರೆ ಏನೂ ಸಿಗಲಿಲ್ಲ. ಮೊದಲ ಸಲ ಅವನನ್ನು ನಂಬಿದೆ.

"ಸ್ಟೇಷನ್‌ವರೆಗೆ ಮಾತ್ರಾನಾ?"

"ಮತ್ತೆ? ವುಹಾನ್‌ಗೂ ಬರ್ಲಾ?"

"ಬಾ ಅಂತ ನಾನ್ಯಾಕೆ ಹೇಳ್ಲಿ," ಎಂದು ಎಮ್ಮೆ ಕೊಂಬಿನ ಪಟ್ಟಿ ಒರೆಸುತ್ತ ಬಿಗುಮಾನದಿಂದ ಹೇಳಿದೆ. "ನೀನು ಬಂದ್ರೂ ಒಂದೇ, ಬರದಿದ್ರೂ ಒಂದೇ."

ಪರದೆಯ ಹಿಂದಿನಿಂದ ಖುವಾಂಗಮ್ಮ ಕೂಗಿದರು. "ಸುಯಿಂಗ್, ಅವನ ಗುರುತಿನ ಚೀಟಿ ನಂಬರ್ ಕೇಳ್ಕೊಳ್ಳೇ! ಅದಿಲ್ದೆ ಅವನ ಟಿಕೆಟ್ ಆಗಲ್ಲ ಅಂತ ಬೆಳಗಿಂದ ಚಡಪಡಿಸ್ತಿದ್ಯಲ್ಲ!"

ನನ್ನ ಕಿವಿ ಬಿಸಿಯಾಯಿತು. ಅವನು ನಗುವ ಮುಂಚೆಯೇ ಕೈ ಹಿಡಿದು ಒಳಗೆ ಎಳೆದುಕೊಂಡೆ.