ಇಂಧನವಿಲ್ಲದೆ ಉರಿದ ಜ್ವಾಲೆ

"ಅವನು ನನ್ನ ಮುಖ ನೋಡಲ್ಲ ಅಂದ್ಬಿಟ್ಟ, ಅತ್ತೆ."

ಬಾಗಿಲು ತೆಗೆದ ನನ್ನನ್ನು ದಾಟಿಕೊಂಡು ಒಳಗೆ ಬಂದ ಆಕೆ ನನ್ನ ಸೋದರತ್ತೆಗೆ ಆಡಿದ ಮೊದಲ ಮಾತು ಅದು. ಸಂಜೆ ಕರೆಂಟು ಹೋಗಿತ್ತು. ಮೇಜಿನ ಮೇಲೆ ನಾನು ಹಚ್ಚಿಟ್ಟಿದ್ದ ಬುಡ್ಡಿ ದೀಪದ ಬೆಳಕಿನಲ್ಲಿ ಆಕೆಯ ಮುಖ ನೋಡಿ ನನಗೆ ಅಜ್ಜಿ ಹೇಳುತ್ತಿದ್ದ ಕತೆಯೊಂದರ ರಾಣಿಯ ನೆನಪಾಯಿತು. ಮಾಡದ ತಪ್ಪಿಗೆ ಕಾಡಿಗೆ ಹೋಗು ಎಂದಾಗ ಅಳದೆ, ಕಾಲ್ಗೆಜ್ಜೆ ಬಿಚ್ಚಿ ರಾಜನ ಮುಂದೆ ಎಸೆದು ಹೋದವಳು ಆ ರಾಣಿ.

ನಮ್ಮ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಜ್ವಾಲಕ್ಕ ಎನ್ನುತ್ತಿದ್ದರು. ಬೀದಿ ಕೊನೆಯ ಸಂಶೋಧನಾಲಯದಲ್ಲಿ ಆಕೆ ದಹನ ವಿಜ್ಞಾನದ ಎಂಜಿನಿಯರ್. ಜಡೆ ಕಪ್ಪಿದ್ದಾಗಿನಿಂದ ನರೆಯುವವರೆಗೆ ಒಂದೇ ಪ್ರಶ್ನೆಯ ಬೆನ್ನು ಬಿದ್ದಿದ್ದರು: ಕುಲುಮೆಯ ಜ್ವಾಲೆ ಯಾವಾಗ ನೆಟ್ಟಗೆ ನಿಲ್ಲುತ್ತದೆ, ಯಾವಾಗ ಕೈಕೊಡುತ್ತದೆ? ಮೊದಲು ಅದನ್ನು ಸಮೀಕರಣಗಳಲ್ಲಿ ಹಿಡಿಯಲು ಹೊರಟರು, ಆಮೇಲೆ ಕಂಪ್ಯೂಟರಿನೊಳಗೆ ಕಟ್ಟಿದ ಕುಲುಮೆಯಲ್ಲಿ. ಈಚೆಗೆ, ತಾನೇ ಕಲಿತು ಮುಂದಾಗುವುದನ್ನು ಹೇಳುವ ಒಂದು ಯಂತ್ರಬುದ್ಧಿಯನ್ನು ಸಾಕಿ ಬೆಳೆಸಿದ್ದರು. ಸಾಕಿ ಬೆಳೆಸಿದ್ದರು ಎಂಬುದೇ ಸರಿಯಾದ ಮಾತು; ಮಗುವಿಗೆ ತುತ್ತು ಕೊಟ್ಟಂತೆ ಒಂದೊಂದೇ ಪ್ರಯೋಗವನ್ನು ಅದಕ್ಕೆ ಉಣಿಸಿದ್ದರು.

ನನ್ನ ಸೋದರತ್ತೆಯ ಕಸುಬು ಬೇರೆ. ಸುಟ್ಟ ಗೋದಾಮುಗಳ ಗೋಡೆ ನೋಡಿ ಬೆಂಕಿ ಹುಟ್ಟಿದ ಮೂಲೆ ತೋರಿಸುತ್ತಿದ್ದ ವಿಮೆಯ ತನಿಖೆಗಾರ್ತಿ ಅವರು. ನಿವೃತ್ತರಾದರೂ ಊರಿನ ಒಗಟುಗಳೆಲ್ಲ ನಮ್ಮ ಮನೆಗೇ ಬರುತ್ತಿದ್ದವು. ಜನ ಇಟ್ಟ ಹೆಸರು ಮಸಿ ಅತ್ತೆ. ನಾನು ಅವರ ಚೀಲ ಹೊರುವವಳು, ಬೈಗುಳ ಕೇಳುವವಳು.

"ಕೂತ್ಕೋ. ಅಳಬೇಡ, ನಂಗೆ ಸಿಟ್ಟು ಬರುತ್ತೆ," ಎಂದರು ಅತ್ತೆ.

"ಅಳ್ತಿಲ್ಲ. ನಂಗೂ ಸಿಟ್ಟೇ ಬಂದಿರೋದು."

ನಡೆದದ್ದು ಇಷ್ಟು. ಸಂಶೋಧನಾಲಯದಲ್ಲಿ ಅತಿಥಿಗಳ ಮುಂದೆ ದೊಡ್ಡ ಬರ್ನರಿನ ಪ್ರದರ್ಶನವಿತ್ತು. ಇಂಧನ ಎಷ್ಟು, ಗಾಳಿ ಎಷ್ಟು ಎಂದು ಯಂತ್ರಬುದ್ಧಿ ಹೇಳಬೇಕು, ಆಪರೇಟರ್ ಹಾಗೇ ತಿರುಪಬೇಕು. ಯಂತ್ರಬುದ್ಧಿ ಹೇಳಿತು: ಇಂಧನ ಕಮ್ಮಿ ಮಾಡು, ಜ್ವಾಲೆ ದೊಡ್ಡದಾಗುತ್ತದೆ. ಆಪರೇಟರ್ ಕಮ್ಮಿ ಮಾಡಿದ. ಜ್ವಾಲೆ ಹೋಯಿತು. ಆದರೆ ಅನಿಲ ಸಣ್ಣಗೆ ನುಗ್ಗುತ್ತಲೇ ಇತ್ತು. ಕುಲುಮೆಯ ತುಂಬ ತುಂಬಿಕೊಂಡು, ಕಾದ ಗೋಡೆ ತಾಗಿ, ಒಮ್ಮೆಲೇ ಹೊತ್ತಿತು.

"ಜ್ವಾಲೆ ಇಲ್ದಾಗ ಅನಿಲ ತಾನೇ ನಿಲ್ಲೋ ಹಾಗೆ ಒಂದು ಸಾಧನ ಇರುತ್ತಲ್ಲ?"

"ಆ ಕೆಲಸಾನೂ ಯಂತ್ರಬುದ್ಧಿಗೇ ಕೊಡ್ಸಿದ್ರು ನಮ್ಮ ಮುಖ್ಯಸ್ಥರು. ನೋಡೋಕೆ ಚೆನ್ನಾಗಿರುತ್ತೆ ಅಂತ. ಬೇಡ ಅಂದೆ. ಕೇಳ್ಲಿಲ್ಲ." ಜ್ವಾಲಕ್ಕ ಚೀಲದಿಂದ ಲ್ಯಾಪ್‌ಟಾಪ್ ಹೊರತೆಗೆದರು. "ಆಪರೇಟರಣ್ಣನ ಎರಡೂ ಕೈ ಸುಟ್ಟಿದೆ. ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಅವನಿಗೂ ಅನುಮಾನ ಬಂದಿತ್ತಂತೆ, ಅತ್ತೆ. ಆದ್ರೆ ಸ್ಕ್ರೀನ್ ಮೇಲೆ ನನ್ನ ಹೆಸರಿತ್ತಲ್ಲ, ಅಕ್ಕ ಹೇಳಿದ್ಮೇಲೆ ಸರೀನೇ ಇರುತ್ತೆ ಅಂದ್ಕೊಂಡ. ಇವತ್ತು ಆಸ್ಪತ್ರೆಗೆ ಹೋದ್ರೆ ಗೋಡೆ ಕಡೆ ತಿರುಗಿ ಮಲಗ್ಬಿಟ್ಟ."

"ನೀನೆಲ್ಲಿದ್ದೆ?"

"ಮೇಲಿನ ಹಾಲಲ್ಲಿ, ಅತಿಥಿಗಳ ಜೊತೆ. ಮುಖ್ಯಸ್ಥರು ಕೂರಿಸಿದ್ರು. ನಾಳೆ ವಿಚಾರಣೆಗೆ ಸಮಿತಿ ಕೂರುತ್ತೆ. ಕೆಲಸ ಹೋದ್ರೆ ಹಾಳಾಗ್ಹೋಗ್ಲಿ. ಆ ಮಾತು ನಂದಲ್ಲ ಅಂತ ಅವನಿಗೆ ಗೊತ್ತಾಗ್ಬೇಕು. ನಾನು ಸಾಕಿದ ಯಂತ್ರ ಹಾಗೆ ಹೇಳಲ್ಲ."

ಆಕೆ ಲ್ಯಾಪ್‌ಟಾಪ್ ತೆರೆದರು. ತಮ್ಮ ಬಳಿಯಿದ್ದ ಮೂಲ ಪ್ರತಿಗೆ ಇಂಧನ ಸೊನ್ನೆ ಎಂದು ಕೊಟ್ಟರು. ತಕ್ಷಣ ಕೆಂಪು ಗುರುತು ಬಂತು: ಜ್ವಾಲೆ ಇಲ್ಲ. ಆಮೇಲೆ ಅದಕ್ಕೆ ಪಾಠ ಹೇಳಲು ಬಳಸಿದ ಪ್ರಯೋಗಗಳ ಸಂಗ್ರಹ ತೋರಿಸಿದರು. ಪ್ರತಿ ಪ್ರಯೋಗಕ್ಕೂ ಇಂಧನದ ಅಳತೆ, ಗಾಳಿಯ ಅಳತೆ, ಕೊನೆಗೆ ಜ್ವಾಲೆಯ ಗತಿ ಹೇಳುವ ಒಂದು ಪದ. ನಿಂತಿತು. ಹಿಂದಕ್ಕೆ ನುಗ್ಗಿತು. ದೊಡ್ಡದಾಯಿತು. ದೊಡ್ಡದಾಯಿತು. ನಿಂತಿತು. ಪಕ್ಕದಲ್ಲಿ ಆ ಪ್ರಯೋಗದ ವಿಡಿಯೊ.

ಅಷ್ಟರಲ್ಲಿ ಕರೆಂಟು ಬಂತು. "ದೀಪ ದೊಡ್ಡದು ಮಾಡೇ," ಎಂದರು ಅತ್ತೆ, ಸ್ಕ್ರೀನಿನಿಂದ ಕಣ್ಣು ತೆಗೆಯದೆ. ನಾನು ಮಾಡಿದೆ. ಬತ್ತಿಯ ಹೊಗೆ ಸುರುಳಿಯಾಗಿ ಮೇಲೆದ್ದು ಜ್ವಾಲಕ್ಕನ ನರೆಗೂದಲಿಗೆ ಸೇರಿಕೊಂಡಿತು.

ಮರುದಿನ ಬೆಳಿಗ್ಗೆ ನಾವು ಸಂಶೋಧನಾಲಯಕ್ಕೆ ಹೋದೆವು. ಸಮಿತಿಗೆ ಬಂದಿದ್ದ ವಿಮೆಯ ಅಧಿಕಾರಿ ಅತ್ತೆಯ ಹಳೆಯ ಶಿಷ್ಯ, ಬಾಗಿಲುಗಳು ತೆರೆದುಕೊಂಡವು. ಬರ್ನರಿನ ಕೋಣೆಯಲ್ಲಿ ಇನ್ನೂ ಸುಟ್ಟ ರಬ್ಬರಿನ ವಾಸನೆ. ಆಪರೇಟರ್ ನಿಲ್ಲುತ್ತಿದ್ದ ಜಾಗದಲ್ಲಿ ಅವನ ಕೈಗವಸೊಂದು ಮುದುಡಿಕೊಂಡು ಬಿದ್ದಿತ್ತು. ಯಾರೂ ಅದನ್ನು ಎತ್ತಿರಲಿಲ್ಲ. ಅತ್ತೆ ಎತ್ತಿ, ಧೂಳು ಕೊಡವಿ, ಚೀಲಕ್ಕೆ ಹಾಕಿಕೊಂಡರು. ಅವರ ಕಿವಿ ಕೆಂಪಾಗಿತ್ತು. ಅದು ಕೆಂಪಾದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ನನಗೆ ಗೊತ್ತು.

ಬರ್ನರಿಗೆ ಜೋಡಿಸಿದ್ದ ಕಂಪ್ಯೂಟರಿನಲ್ಲಿ ಅದೇ ಪ್ರಶ್ನೆ ಕೇಳಿಸಿದರು. ಇಂಧನ ಸೊನ್ನೆ.

ಉತ್ತರ ಬಂತು: ದೊಡ್ಡ ಜ್ವಾಲೆ.

"ಇಂಧನಾನೇ ಇಲ್ದೆ!" ಎಂದೆ ನಾನು.

"ನಿಮ್ಮಜ್ಜಿ ಕತೇಲೂ ಇಂಥ ಜ್ವಾಲೆ ಇರ್ಲಿಲ್ಲ ಅಲ್ವಾ? ಇದು ಜ್ವಾಲಕ್ಕನ ಕೂಸಲ್ಲ. ಯಾರೋ ತೊಟ್ಟಿಲಲ್ಲಿ ಮಗು ಬದಲಾಯಿಸಿದ್ದಾರೆ," ಎಂದರು ಅತ್ತೆ.

ಆ ಕಂಪ್ಯೂಟರನ್ನು ತೆರೆಯಬಲ್ಲವರು, ಜ್ವಾಲಕ್ಕನನ್ನು ಬಿಟ್ಟರೆ, ಮೂವರೇ. ಒಬ್ಬೊಬ್ಬರನ್ನೇ ಕಂಡೆವು.

ಮೊದಲು ಮುಖ್ಯಸ್ಥರು. "ನೋಡಿ ತಾಯಿ, ಆಕೆಯನ್ನ ಮೇಲೆ ಕೂರಿಸಿದ್ದು ಗೌರವಕ್ಕೆ. ಅಷ್ಟು ಹಿರಿಯರು, ಕೆಳಗೆ ಎಣ್ಣೆ, ಮಸಿ ಮೆತ್ಕೊಂಡು ನಿಂತ್ರೆ ಅತಿಥಿಗಳು ಏನಂದ್ಕೋತಾರೆ?"

"ಕೆಲಸ ಮಾಡ್ತಿದ್ದಾರೆ ಅಂದ್ಕೋತಿದ್ರು," ಎಂದು ಅತ್ತೆ ಎದ್ದು ಬಂದರು.

ಎರಡನೆಯವಳು ಜ್ವಾಲಕ್ಕನ ಶಿಷ್ಯೆ. ಸದಾ ಅವರ ಹಿಂದೆಯೇ ಇರುತ್ತಿದ್ದುದರಿಂದ ಅವಳ ಹೆಸರೇ ನೆರಳು ಎಂದಾಗಿತ್ತು. ಈಚೆಗೆ ಇಬ್ಬರಿಗೂ ಜಗಳವಾಗಿ, 'ಇದೆಲ್ಲ ಸುಟ್ಟು ಹೋಗ್ಲಿ' ಎಂದು ಅವಳು ಕಿರುಚಿದ್ದನ್ನು ಇಡೀ ಕಟ್ಟಡ ಕೇಳಿತ್ತು. ಸಮಿತಿಯ ಕಣ್ಣೂ ಅವಳ ಮೇಲೇ ಇತ್ತು.

"ಅಂದಿದ್ದು ಹೌದು," ಎಂದಳು ನೆರಳು, ಮೂಗು ಒರೆಸಿಕೊಳ್ಳುತ್ತ. "ನನ್ನ ಹೆಸರು ಲೇಖನದ ಕೊನೇಲಿ ಹಾಕಿದ್ರು ಅಂತ ಹೊಟ್ಟೆ ಉರೀತು, ಅಂದೆ. ಅಮ್ಮನ ಮೇಲೂ ಕಿರುಚ್ತೀನಪ್ಪ ನಾನು! ಅಷ್ಟಕ್ಕೆ ಮನೆಗೆ ಬೆಂಕಿ ಇಡ್ತೀನಾ? ಅವರು ಕೂಗಿದ ಕೂಡ್ಲೇ ಅನಿಲ ಮುಚ್ಚೋದು, ಅದೇ ನಾನು ಇಲ್ಲಿ ಕಲ್ತ ಮೊದಲನೇ ಪಾಠ."

ಮೂರನೆಯವನು ಯಂತ್ರಬುದ್ಧಿಯ ಹೊಸ ತಜ್ಞ. ಕೈಯಿಂದ ಮೌಸ್ ಬಿಡದ ಅವನನ್ನು ಎಲ್ಲರೂ ಮೌಸ್ ಮಹಾರಾಜ ಎನ್ನುತ್ತಿದ್ದರು. ತಣ್ಣನೆಯ ಕೋಣೆ, ಮೆತ್ತನೆಯ ಕುರ್ಚಿ, ಎದುರಿಗೆ ಮೂರು ಸ್ಕ್ರೀನು.

"ಪಾಪ, ವಯಸ್ಸಾಯ್ತು ಅವರಿಗೆ," ಎಂದ. "ನಾನಂತೂ ಅವರ ಸಂಗ್ರಹ ತೆರೆದೇ ನೋಡಿಲ್ಲ ಆಂಟಿ, ನನ್ನ ಕೆಲ್ಸಾನೇ ತಲೆ ಮೇಲಿದೆ. ಆದ್ರೂ ಹೇಳ್ತೀನಿ, ಅರ್ಧಕ್ಕರ್ಧ ದೊಡ್ಡ ಜ್ವಾಲೆಗಳೇ ಇರೋ ಅಂಥ ಸಂಗ್ರಹ ಇಟ್ಕೊಂಡೂ ಯಂತ್ರಕ್ಕೆ ನೆಟ್ಟಗೆ ಪಾಠ ಹೇಳೋಕೆ ಬರ್ಲಿಲ್ಲ ಅಂದ್ರೆ..."

"ಕೆಳಗೆ ಬರ್ನರ್ ಕೋಣೆಗೆ ಹೋಗಿದ್ದೀಯಾಪ್ಪ?"

"ಅಯ್ಯೋ, ಆ ಸೆಕೆಗೆ ಯಾರು ಹೋಗ್ತಾರೆ? ಜ್ವಾಲೆ ಎಲ್ಲಾ ಇಲ್ಲೇ ಸಿಗುತ್ತಲ್ಲ," ಎಂದು ಮೌಸ್ ತಟ್ಟಿದ.

ಹೊರಗೆ ಬಂದ ಮೇಲೆ ನಾನು ಕೇಳಿದೆ: "ನೆರಳೇ ಇರ್ಬಹುದಾ ಅತ್ತೆ?"

"ನಿನ್ನ ತಲೆ. ನಿನ್ನೆ ಸಂಜೆ ದೀಪ ಏನು ಮಾಡ್ದೆ ನೀನು, ಯೋಚ್ನೆ ಮಾಡು." ನಾನು ಯೋಚಿಸಿದೆ. ಹೊಳೆಯಲಿಲ್ಲ. ಕನಸು ಕಾಣುತ್ತ ನಡೆಯುವವಳಿಗೆ ಕಾಲ ಕೆಳಗಿನದು ಕಾಣುವುದು ನಿಧಾನ.

ಮಧ್ಯಾಹ್ನ ಎಲ್ಲರನ್ನೂ ವಿದ್ಯಾರ್ಥಿಗಳ ಪ್ರಯೋಗಶಾಲೆಗೆ ಕರೆಸಿದರು. ಮುಖ್ಯಸ್ಥರು, ನೆರಳು, ಮಹಾರಾಜ ಮೂವರೂ ಮೂರು ಬೆಂಚುಗಳ ಮುಂದೆ. ಒಬ್ಬೊಬ್ಬರ ಎದುರಿಗೂ ಒಂದೊಂದು ಸಣ್ಣ ಬರ್ನರ್, ಬೆರಳುದ್ದದ ನೀಲಿ ಜ್ವಾಲೆ. ಗೋಡೆಗೆ ಒರಗಿ ಜ್ವಾಲಕ್ಕ, ಕೈಕಟ್ಟಿ ವಿಮೆಯ ಅಧಿಕಾರಿ.

"ಇದೇನು ತಾಯಿ, ಮಕ್ಕಳಾಟ?" ಎಂದರು ಮುಖ್ಯಸ್ಥರು.

"ಒಬ್ಬ ಮನುಷ್ಯ ಸುಟ್ಟಿದ್ದಾನೆ. ಆಟ ಅಲ್ಲ ಇದು." ಅತ್ತೆ ಒಮ್ಮೆ ಎಲ್ಲರ ಮುಖ ನೋಡಿದರು. ಆಮೇಲೆ ಏನೂ ವಿಶೇಷವಿಲ್ಲದಂತೆ, "ಎಲ್ಲಿ, ದೀಪ ದೊಡ್ಡದು ಮಾಡಿ," ಎಂದರು.

ನೆರಳಿನ ಕೈ ಮಿಂಚಿನಂತೆ ಹೋಗಿ ಅನಿಲ ಮುಚ್ಚಿತು. ಮುಖ್ಯಸ್ಥರೂ, ಗೊಣಗುತ್ತಲೇ, ತಿರುಪು ಮುಚ್ಚಿದರು. ಎರಡು ಜ್ವಾಲೆಗಳು ಇಲ್ಲವಾದವು.

ಮೂರನೆಯದು ಭುಸ್ಸೆಂದು ಮೊಳದುದ್ದ ಮೇಲೆದ್ದಿತು. ಅದರ ಹಿಂದೆ ಮಹಾರಾಜನ ನಗುಮುಖ. ಅವನು ಅಕ್ಕಪಕ್ಕ ನೋಡಿದ. ನಗು ಹಾಗೇ ಸೊರಗಿತು.

"ಮುಚ್ಚಪ್ಪ ಅದನ್ನ," ಎಂದರು ಅತ್ತೆ. "ಇದೇ ತಪ್ಪನ್ನ ನಿನ್ನ ಯಂತ್ರಾನೂ ಮಾಡ್ತು."

ಆಗ ನನಗೆ ಹೊಳೆಯಿತು. ಅಜ್ಜಿ ಎಂದೂ 'ದೀಪ ಆರಿಸು' ಎಂದವಳಲ್ಲ. ಮನೆಯಲ್ಲಿ ಆ ಅಶುಭದ ಮಾತು ಆಡಬಾರದು, 'ದೊಡ್ಡದು ಮಾಡು' ಎನ್ನಬೇಕು. 'ದೀಪ ಎಲ್ಲಿ ಆರುತ್ತೆ ಮಗಾ, ನಮ್ಮ ಕಣ್ಣಿಗೆ ಹಿಡಿಸದಷ್ಟು ದೊಡ್ಡದಾಗಿ ಹೋಗುತ್ತೆ ಅಷ್ಟೆ' ಎನ್ನುತ್ತಿದ್ದಳು.

ಅತ್ತೆ ಒಂದೊಂದಾಗಿ ಬಿಡಿಸಿದರು. "ಜ್ವಾಲಕ್ಕನ ನಾಲಿಗೇಲೂ 'ಆರಿತು' ಅನ್ನೋ ಪದ ಬರಲ್ಲ. ನಿನ್ನೆ ಅಷ್ಟು ಹೊತ್ತು ಮಾತಾಡಿದ್ಲು, ಜ್ವಾಲೆ ಹೋಯ್ತು ಅಂದ್ಲೇ ಹೊರತು ಆರಿತು ಅನ್ಲಿಲ್ಲ. ಜ್ವಾಲೆ ಕಳೆದುಹೋದ ಪ್ರಯೋಗಕ್ಕೆಲ್ಲ ಅವಳು ಬರೆದಿರೋದು 'ದೊಡ್ಡದಾಯಿತು' ಅಂತ. ಅವಳ ಯಂತ್ರಕ್ಕೆ ಅದರ ಅರ್ಥ ಅವಳೇ ಹೇಳ್ಕೊಟ್ಟಿದ್ದಾಳೆ. ಕೆಳಗಿನ ಕೋಣೇಲಿ ಬೆವರು ಸುರಿಸಿದ ಯಾರಿಗೇ ಆಗಲಿ ಗೊತ್ತು: 'ದೊಡ್ಡದಾಯ್ತು' ಅಂತ ಕೂಗಿದ್ರೆ ಓಡಿಹೋಗಿ ಅನಿಲ ಮುಚ್ಬೇಕು. ನೆರಳಿಗೆ ಅದೇ ಮೊದಲ ಪಾಠ. ಮುಖ್ಯಸ್ಥರಿಗೆ ಮನೇಲಿ ಬಂದ ಮಾತು. ಅವರಿಬ್ಬರಲ್ಲಿ ಯಾರೇ ಈ ಸಂಗ್ರಹ ಕದ್ದು ತಮ್ಮದೊಂದು ಯಂತ್ರಕ್ಕೆ ಪಾಠ ಹೇಳಿದ್ರೂ ಈ ತಪ್ಪು ಆಗ್ತಿರ್ಲಿಲ್ಲ."

"ನಾನು ಕದ್ದಿಲ್ಲ!" ಎಂದ ಮಹಾರಾಜ.

"ಸಂಗ್ರಹ ತೆರೆದೇ ಇಲ್ಲ ಅಂದೆ. ಅದೇ ಉಸಿರಲ್ಲಿ ಅರ್ಧಕ್ಕರ್ಧ ದೊಡ್ಡ ಜ್ವಾಲೆಗಳೇ ಇವೆ ಅಂದೆ. ಆ ಸಂಗ್ರಹದಲ್ಲಿ ದೊಡ್ಡ ಜ್ವಾಲೆ ಒಂದೂ ಇಲ್ಲ ಕಣಪ್ಪ. ಇರೋದು ಆ ಪದ. ಅದನ್ನ ಓದಿದವನಿಗೆ, ಪಕ್ಕದಲ್ಲೇ ಇದ್ದ ವಿಡಿಯೊ ನೋಡೋ ವ್ಯವಧಾನ ಇಲ್ಲದವನಿಗೆ ಮಾತ್ರ ಹಾಗೆ ಅನ್ಸುತ್ತೆ. ಇಂಧನ ಕಮ್ಮಿಯಾದಾಗೆಲ್ಲ 'ದೊಡ್ಡದಾಯಿತು' ಅಂತ ಕಲಿತ ನಿನ್ನ ಯಂತ್ರ, ಇಂಧನ ಕಮ್ಮಿ ಮಾಡು ಅಂತು. ಜ್ವಾಲೆ ಹೋದ್ಮೇಲೂ ದೊಡ್ಡದಾಗಿ ಉರೀತಿದೆ ಅಂದ್ಕೊಂಡು ಅನಿಲ ಬಿಟ್ಕೊಂಡೇ ಇತ್ತು. ಸೊನ್ನೆ ಇಂಧನಕ್ಕೂ ಇವತ್ತು ಅದೇ ಉತ್ತರ ಕೊಡ್ತು."

"ಹಳೇ ಅಜ್ಜಿ ಮಾತೊಂದು ಗೊತ್ತಿಲ್ದೇ ಇದ್ರೆ ಅದು ಅಪರಾಧಾನಾ?" ಅವನ ದನಿ ಏರಿತು. "ಪ್ರದರ್ಶನ ಗೆದ್ದ ಮೇಲೆ ನನ್ನದು ಅಂತ ಹೇಳೋನಿದ್ದೆ. ಕಮ್ಮಿ ಇಂಧನಕ್ಕೆ ದೊಡ್ಡ ಜ್ವಾಲೆ! ಗೆದ್ದಿದ್ರೆ ಎಲ್ರೂ ಹೊತ್ಕೊಂಡು ಕುಣೀತಿದ್ರಿ!"

"ಗೆದ್ರೆ ನಿಂದು. ಸೋತ್ರೆ ಇರ್ಲಿ ಅಂತ ಸ್ಕ್ರೀನ್ ಮೇಲೆ ಹೆಸರು ಅವಳದ್ದೇ ಉಳಿಸ್ದೆ." ಅತ್ತೆ ಬೆಂಚಿನ ಮೇಲೆ ಕೈ ಅಪ್ಪಳಿಸಿದರು, ಬರ್ನರುಗಳು ಕುಲುಕಿದವು. "ಪದ ಗೊತ್ತಿಲ್ಲದ್ದು ಅಪರಾಧ ಅಲ್ಲ. ಕೇಳಿದ್ರೆ ಅವಳು ನಕ್ಕೊಂಡು ಹೇಳ್ತಿದ್ಲು. ಆದ್ರೆ ಕದ್ದವನಿಗೆ ಕೇಳೋಕೆ ಬಾಯೆಲ್ಲಿರುತ್ತೆ? ಆ ಆಪರೇಟರ್ ಕೈ ಸುಟ್ಟಿದ್ದು ನಿನ್ನ ಅಜ್ಞಾನದಿಂದಲ್ಲ. ನಿನ್ನ ಕಳ್ಳತನದಿಂದ."

ಚೀಲದಿಂದ ಆ ಕೈಗವಸು ತೆಗೆದು ಅವನ ಮುಂದಿಟ್ಟರು. ಆಮೇಲೆ ತಿರುಗಿದರು. "ಮುಖ್ಯಸ್ಥರೇ, ನಿಮ್ಮನ್ನ ಬಿಟ್ಟೆ ಅಂದ್ಕೋಬೇಡಿ. ಕಾವಲಿನ ಕೆಲಸ ಕಾಯೋ ಸಾಧನದಿಂದ ಕಿತ್ತು ತೋರಿಕೆಗಾಗಿ ಯಂತ್ರಬುದ್ಧಿಗೆ ಕೊಟ್ಟವರು ನೀವು. ಬೇಡ ಅಂದವಳನ್ನ ಗೌರವದ ಹೆಸರಲ್ಲಿ ಮೇಲೆ ಕೂರಿಸಿ ಕೈ ಕಟ್ಟಿದವರೂ ನೀವೇ." ಮುಖ್ಯಸ್ಥರು ತಮ್ಮ ಮುಂದಿನ ಬರ್ನರ್ ನೋಡುತ್ತ ನಿಂತರು. ವಿಮೆಯ ಅಧಿಕಾರಿ ಇಬ್ಬರನ್ನೂ ತನ್ನೊಡನೆ ಕರೆದೊಯ್ದ.

ನೆರಳು ಅಳುತ್ತ ಬಂದು ಜ್ವಾಲಕ್ಕನ ತೋಳು ಹಿಡಿದಳು. "ಬಿಡೇ, ಸೆರಗೆಲ್ಲ ಒದ್ದೆ ಮಾಡ್ಬೇಡ," ಎಂದರು ಆಕೆ. ಆದರೆ ತೋಳು ಬಿಡಿಸಿಕೊಳ್ಳಲಿಲ್ಲ.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು. ಬಾಗಿಲಲ್ಲೇ ಆಪರೇಟರನ ಹೆಂಡತಿ ಅಡ್ಡ ನಿಂತಳು. "ಮತ್ತೆ ಯಾಕೆ ಬಂದ್ರಿ?" ಅತ್ತೆ ಅವಳನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದರು. ಒಳಗೆ ಮಲಗಿದ್ದವನಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದರು.

ಗೋಡೆಯ ಕಡೆಗಿದ್ದ ತಲೆ ನಿಧಾನವಾಗಿ ಈಚೆಗೆ ಹೊರಳಿತು. ಕಣ್ಣಿನ ಮೇಲೆ ಬಿಳಿ ಪಟ್ಟಿ.

"ಹಾಗಾದ್ರೆ ಆ ಮಾತು ನಿಮ್ಮದಲ್ಲ."

"ಅಲ್ಲ ಅಣ್ಣ."

"ನೀವು ಕೆಳಗಿದ್ದಿದ್ರೆ ದೊಡ್ಡದಾಯ್ತು ಅಂತ ಕೂಗ್ತಿದ್ರಿ. ಮುಚ್ತಿದ್ದೆ." ಅವನ ದನಿ ಒಡೆಯಿತು. "ಯಾಕೆ ಮೇಲೆ ಕೂತಿದ್ರಿ?"

ಜ್ವಾಲಕ್ಕ ಮಂಚದ ಪಕ್ಕಕ್ಕೆ ಬಂದು ನಿಂತರು. "ಕೂರಿಸಿದ್ರು. ಕೂತೆ. ಇನ್ಮೇಲೆ ಕೂರಲ್ಲ."

"ಪಟ್ಟಿ ಬಿಚ್ಚೋ ದಿನ ಎದುರಿಗೆ ನಿಂತ್ಕೊಳ್ಳಿ, ಅಕ್ಕಾ," ಎಂದ ಅವನು. "ಮುಖ ನೋಡ್ಕೊಂಡು ಬಯ್ಬೇಕು ನಾನು."